ಮೀನು ಮಾರ್ಕೆಟ್ಟಿನ ಎದುರಿನ ಮೈದಾನ

ಲೈಬೀರಿಯಾ ಅನ್ನೋ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಫುಟ್‌ಬಾಲ್‌ನಿಂದ. ಎಸಿ ಮಿಲಾನ್‌ಗೆ ಆಡುತ್ತಿದ್ದ ಜಾರ್ಜ್ ವೇಯಾ, 1995ರಲ್ಲಿ ಬ್ಯಾಲನ್ ಡಿ'ಓರ್ ಗೆದ್ದ ಮೊದಲ ಆಫ್ರಿಕನ್. ಹಾಸ್ಟೆಲ್ಲಿನ ಟೀವಿ ರೂಮಿನಲ್ಲಿ ನಾವೆಲ್ಲ ಅವನ ಭಕ್ತರು. ಅವನ ದೇಶ ಭೂಪಟದಲ್ಲಿ ಎಲ್ಲಿದೆ ಅಂತ ಕೇಳಿದ್ದರೆ ಮಾತ್ರ ಒಬ್ಬನೂ ಬೆರಳಿಟ್ಟು ತೋರಿಸುತ್ತಿರಲಿಲ್ಲ.

ಎರಡನೇ ಸಲ ಆ ಹೆಸರು ಕಣ್ಣಿಗೆ ಬಿದ್ದದ್ದು 2007ರಲ್ಲಿ, ಪೇಪರಿನಲ್ಲಿ. ನಮ್ಮ ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಅಲ್ಲಿಗೆ ಹೊರಟಿದ್ದರು. ಪೂರ್ತಿ ಮಹಿಳೆಯರೇ ಇರುವ ಪೊಲೀಸ್ ತುಕಡಿಯೊಂದನ್ನು ವಿಶ್ವಸಂಸ್ಥೆ ಕಳಿಸಿದ್ದು ಅದೇ ಮೊದಲಂತೆ. ಅಷ್ಟು ದೂರದ ದೇಶಕ್ಕೆ ಇವರೇ ಯಾಕೆ ಅಂತ ಒಂದು ಕ್ಷಣ ಅನ್ನಿಸಿತ್ತು. ಪುಟ ತಿರುಗಿಸಿದೆ, ಮರೆತೆ.

ಮೂರನೇ ಸಲ ಮರೆಯೋಕಾಗಲಿಲ್ಲ. 'ಪ್ರೇ ದ ಡೆವಿಲ್ ಬ್ಯಾಕ್ ಟು ಹೆಲ್' ಅಂತ 2008ರ ಒಂದು ಸಾಕ್ಷ್ಯಚಿತ್ರ ನೋಡಿದೆ. ಅವತ್ತಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಬರೆಯೋಣ ಬರೆಯೋಣ ಅಂತ ಮುಂದಕ್ಕೆ ಹಾಕುತ್ತಾ ಇದ್ದವನಿಗೆ ಮೊನ್ನೆ ಒಂದು ನೆಪ ಸಿಕ್ಕಿತು. ಆಫೀಸಿನಲ್ಲಿ ಕಾಫಿ ಹೊತ್ತಿಗೆ ಈ ವಿಷಯ ತೆಗೆದೆ. ತಕ್ಷಣ ಒಬ್ಬ, "ಓ, ಗಂಡಂದಿರ ಹತ್ತಿರ ಮಲಗಲ್ಲ ಅಂತ ಸ್ಟ್ರೈಕ್ ಮಾಡಿದ್ರಲ್ಲ, ಅವರು ತಾನೇ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಸಂಜೆತನಕ ಕಿರಿಕಿರಿ ಆಗ್ತಾ ಇತ್ತು. ಅಷ್ಟು ದೊಡ್ಡ ಕೆಲಸದಲ್ಲಿ ಜಗತ್ತಿನ ನೆನಪಿಗೆ ಉಳಿದದ್ದು ಇಷ್ಟೇನಾ ಅಂತ. ಹಾಗಾಗಿ ಇದು ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಒಂಚೂರು ಹಿನ್ನೆಲೆ. ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರನ್ನು ಆಫ್ರಿಕಾಕ್ಕೆ 'ವಾಪಸ್' ಕಳಿಸುವ ಯೋಜನೆಯಿಂದ ಹುಟ್ಟಿದ ದೇಶ ಇದು. 1820ರ ದಶಕದಲ್ಲಿ ಬಂದಿಳಿದರು, 1847ರಲ್ಲಿ ಸ್ವತಂತ್ರ ಗಣರಾಜ್ಯ ಅಂತ ಸಾರಿಕೊಂಡರು. ರಾಜಧಾನಿ ಮನ್ರೋವಿಯಾದ ಹೆಸರು ಕೂಡ ಅಮೆರಿಕದ ಅಧ್ಯಕ್ಷ ಜೇಮ್ಸ್ ಮನ್ರೋದು. ಬಂದವರು ದೊರೆಗಳಾದರು, ಮೊದಲಿಂದ ಅಲ್ಲೇ ಇದ್ದವರು ಆಳುಗಳಾದರು. ಸಂಕೋಲೆ ಕಳಚಿಕೊಂಡು ಬಂದವರೇ ಹೀಗೆ ಮಾಡಿದರಲ್ಲ ಅಂತ ಆಶ್ಚರ್ಯಪಟ್ಟರೆ, ನಾವು ಮನುಷ್ಯರನ್ನು ಸರಿಯಾಗಿ ನೋಡಿಲ್ಲ ಅಂತ ಅರ್ಥ. ನೂರಮೂವತ್ತಕ್ಕೂ ಹೆಚ್ಚು ವರ್ಷ ಈ ಆಳ್ವಿಕೆ ನಡೆಯಿತು. 1980ರ ಏಪ್ರಿಲ್‌ನಲ್ಲಿ ಸ್ಯಾಮ್ಯುಯೆಲ್ ಡೋ ಎಂಬ ಕೆಳದರ್ಜೆಯ ಸೈನಿಕ ಅಧ್ಯಕ್ಷ ಟಾಲ್ಬರ್ಟ್‌ನನ್ನು ಕೊಂದು ಗದ್ದುಗೆ ಹಿಡಿದ. ಅವನ ವಿರುದ್ಧ ಚಾರ್ಲ್ಸ್ ಟೇಲರ್ 1989ರ ಕ್ರಿಸ್‌ಮಸ್‌ನ ಹಿಂದಿನ ದಿನ ಪಕ್ಕದ ಐವರಿ ಕೋಸ್ಟ್ ಕಡೆಯಿಂದ ನುಗ್ಗಿದ. ಅಲ್ಲಿಂದ ಶುರು.

ಡೋನ ಸೈನಿಕರು 1990ರ ಜುಲೈ 29ರ ರಾತ್ರಿ ಮನ್ರೋವಿಯಾದ ಸೇಂಟ್ ಪೀಟರ್ಸ್ ಲುಥೆರನ್ ಚರ್ಚಿಗೆ ನುಗ್ಗಿದರು. ಅಲ್ಲಿ ಆಶ್ರಯ ಪಡೆದಿದ್ದವರು ಹೆಚ್ಚಿನವರು ಗಿಯೋ ಮತ್ತು ಮಾನೋ ಬುಡಕಟ್ಟಿನವರು, ಅಂದರೆ ಟೇಲರನ ಪರ ಇದ್ದಾರೆ ಅಂತ ಸಂಶಯಕ್ಕೆ ಒಳಗಾದ ಜನ. ಸುಮಾರು 600 ಮಂದಿ ಸತ್ತರು. ಈ ಚರ್ಚಿನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1997ರ ಚುನಾವಣೆಯಲ್ಲಿ ಟೇಲರ್ ನೂರಕ್ಕೆ 75ರಷ್ಟು ವೋಟು ತಗೊಂಡು ಗೆದ್ದ. ಸೋತರೆ ಮತ್ತೆ ಕಾಡಿಗೆ ಹೋಗಿ ಯುದ್ಧ ಶುರು ಮಾಡ್ತಾನೆ, ಅದಕ್ಕಿಂತ ಅವನೇ ಕೂರಲಿ ಅಂತ ಜನ ವೋಟು ಹಾಕಿದ್ದು. ಅದೂ ಉಪಯೋಗಕ್ಕೆ ಬರಲಿಲ್ಲ. 1999ರಲ್ಲಿ ಗಿನಿ ದೇಶದ ಕಡೆಯಿಂದ 'ಲರ್ಡ್' ಎಂಬ ಬಂಡುಕೋರರು, 2003ರಲ್ಲಿ ಐವರಿ ಕೋಸ್ಟ್ ಕಡೆಯಿಂದ 'ಮಾಡೆಲ್' ಎಂಬ ಇನ್ನೊಂದು ಗುಂಪು. ಎರಡೂ ಯುದ್ಧ ಸೇರಿ ಸತ್ತವರು ಎರಡೂವರೆ ಲಕ್ಷದವರೆಗೆ ಅಂತ ಅಂದಾಜು, ಸುಮಾರು ಮೂವತ್ತು ಲಕ್ಷ ಜನರಿದ್ದ ದೇಶದಲ್ಲಿ. ಎಲ್ಲ ಕಡೆಯವರೂ ಹುಡುಗರನ್ನು ಹಿಡಿದು ಬಂದೂಕು ಕೊಟ್ಟರು. ಹೆಣ್ಣುಮಕ್ಕಳಿಗೆ ಏನಾಯಿತು ಅಂತ ನಾನು ಇಲ್ಲಿ ಬರೆಯೋದಿಲ್ಲ, ನೀವೇ ಊಹಿಸಿಕೊಳ್ಳಬಹುದು.

ಈಗ ಲೇಮಾ ಬೋವೀ. (ಆಕೆಯ ಮನೆಹೆಸರಿನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಮೊದಲಿಗೊಂದು 'ಜಿ' ಇದೆ. ನಾನು ಬಹಳ ದಿನ 'ಗ್ಬೋವೀ' ಅಂತಲೇ ಕಷ್ಟಪಟ್ಟು ಹೇಳುತ್ತಿದ್ದೆ!) 1972ರಲ್ಲಿ ಹುಟ್ಟಿದವಳು, ಯುದ್ಧ ಬಂದಾಗ 17 ವರ್ಷ. ಮುಂದೆ ಓದಬೇಕು ಅಂತಿದ್ದವಳು ಘಾನಾದ ನಿರಾಶ್ರಿತರ ಶಿಬಿರ ಕಂಡಳು, ಹೊಡೆಯುವ ಸಂಗಾತಿಯ ಜೊತೆ ಏಗಿದಳು, ಮಕ್ಕಳನ್ನು ಕಟ್ಟಿಕೊಂಡು ತವರಿಗೆ ವಾಪಸ್ ಬಂದಳು. ಲುಥೆರನ್ ಚರ್ಚಿನವರು ಯುದ್ಧದಿಂದ ಮನಸ್ಸು ಮುರಿದವರಿಗಾಗಿ ನಡೆಸುತ್ತಿದ್ದ ಕಾರ್ಯಕ್ರಮದಲ್ಲಿ ಕೆಲಸಕ್ಕೆ ಸೇರಿದಳು. ಬಂದೂಕು ಹಿಡಿದು ಬಂದಿದ್ದ ಹುಡುಗರ ಜೊತೆ ಕೂತು ಮಾತಾಡುವ ಕೆಲಸ. ಅದು ನಡೆಯುತ್ತಿದ್ದದ್ದು ಅದೇ ಸೇಂಟ್ ಪೀಟರ್ಸ್ ಚರ್ಚಿನ ಆವರಣದಲ್ಲಿ. ಅಲ್ಲಿಂದ ಪಶ್ಚಿಮ ಆಫ್ರಿಕಾದ ಶಾಂತಿ ಕಾರ್ಯಕರ್ತರ ಪರಿಚಯ ಬೆಳೆಯಿತು. ಥೆಲ್ಮಾ ಎಕಿಯೋರ್ ಎಂಬ ನೈಜೀರಿಯಾದ ವಕೀಲೆ ಹುಟ್ಟುಹಾಕಿದ್ದ 'ವಿಪ್‌ನೆಟ್' ಎಂಬ ಮಹಿಳಾ ಶಾಂತಿ ಜಾಲದ ಲೈಬೀರಿಯಾ ಶಾಖೆಯನ್ನು ಲೇಮಾ ನೋಡಿಕೊಳ್ಳತೊಡಗಿದಳು.

ಒಂದು ರಾತ್ರಿ ಕನಸಿನಲ್ಲಿ ಯಾರೋ, ಹೆಂಗಸರನ್ನು ಸೇರಿಸಿ ಶಾಂತಿಗಾಗಿ ಪ್ರಾರ್ಥನೆ ಮಾಡು ಅಂದರಂತೆ. ನನಗೆ ಕನಸುಗಳಲ್ಲಿ ಅಂಥಾ ನಂಬಿಕೆ ಇಲ್ಲ. ಆದರೆ ಮರುದಿನ ಆಕೆ ಯೋಚಿಸಿದ ರೀತಿ ಇಷ್ಟವಾಯಿತು. ನನ್ನಂಥವಳಿಗೆ ಬರಬೇಕಾದ ಕನಸಲ್ಲ ಇದು, ಬೇರೆ ಯಾರೋ ಒಳ್ಳೆಯವರು ಇದನ್ನು ಮಾಡಲಿ ಅಂತ. ಯಾರೂ ಮುಂದೆ ಬರಲಿಲ್ಲ. 2002ರಲ್ಲಿ ಇಪ್ಪತ್ತು ಚಿಲ್ಲರೆ ಹೆಂಗಸರು ವಾರಕ್ಕೊಮ್ಮೆ ಚರ್ಚಿನಲ್ಲಿ ಸೇರತೊಡಗಿದರು. ಇಷ್ಟಕ್ಕೇ ನಿಂತಿದ್ದರೆ ಇದೊಂದು ಭಜನಾ ಮಂಡಳಿಯಾಗಿ ಉಳಿದುಬಿಡುತ್ತಿತ್ತು.

ಅಲ್ಲಿಗೆ ಒಬ್ಬಳು ಪೊಲೀಸ್ ಅಧಿಕಾರಿ ಬಂದಿದ್ದಳು. ಅಸಾಟು ಬಾ ಕೆನೆತ್. ಚರ್ಚಿನ ಆ ಸಭೆಯಲ್ಲಿ ಇದ್ದ ಏಕೈಕ ಮುಸ್ಲಿಂ ಹೆಂಗಸು. ಎದ್ದು ನಿಂತು, ನಿಮ್ಮ ಕೆಲಸ ನನಗೆ ಇಷ್ಟವಾಯಿತು, ನಾನು ಹೋಗಿ ನಮ್ಮ ಕಡೆಯ ಹೆಂಗಸರನ್ನೂ ಸೇರಿಸ್ತೀನಿ ಅಂದಳು. ಸೇರಿಸಿದಳು ಕೂಡ. ಚರ್ಚಿನವರದು ಒಂದು ಸಂಘ, ಮುಸ್ಲಿಂ ಹೆಂಗಸರದು ಇನ್ನೊಂದು ಸಂಘ, ಎರಡೂ ಒಟ್ಟಿಗೆ ಕೆಲಸ ಮಾಡೋದು ಅಂತ ಮಾತಾಯಿತು.

ಮಾತಾಡಿದಷ್ಟು ಸುಲಭ ಇರಲಿಲ್ಲ ಅದು. ಕ್ರೈಸ್ತ ಹೆಂಗಸರಲ್ಲಿ ಕೆಲವರು, ಅವರ ಜೊತೆ ಪ್ರಾರ್ಥನೆಗೆ ಕೂತರೆ ನಮ್ಮ ಧರ್ಮ ಕೆಡುತ್ತೆ ಅಂದರು. ಇದನ್ನು ಬರೀ ಮಡಿ-ಮೈಲಿಗೆಯ ಮಾತು ಅಂದ್ಕೋಬೇಡಿ. ಟೇಲರನ ವಿರುದ್ಧ ಹೊರಟಿದ್ದ ಲರ್ಡ್‌ನಲ್ಲಿ ಮ್ಯಾಂಡಿಂಗೋ ಬುಡಕಟ್ಟಿನ ಮುಸ್ಲಿಮರು ಬಹಳ ಇದ್ದರು. ಮ್ಯಾಂಡಿಂಗೋಗಳು ಈ ಮಣ್ಣಿನವರೇ ಅಲ್ಲ, ಗಿನಿಯಿಂದ ಬಂದವರು ಅನ್ನೋ ಹಳೇ ಕೊಂಕು ಬೇರೆ. ಅಂದರೆ ಪಕ್ಕದಲ್ಲಿ ಕೂರಲಿರುವ ಹೆಂಗಸಿನ ಮಗನೋ ಅಣ್ಣನ ಮಗನೋ ನಿನ್ನ ಊರಿಗೆ ಬೆಂಕಿ ಇಟ್ಟವನಿರಬಹುದು. ಅವಳಿಗೂ ನಿನ್ನ ಕಡೆಯವರ ಬಗ್ಗೆ ಅದೇ ಸಂಶಯ. ಇಂಥವರನ್ನು ಒಂದೇ ಕಡೆ ಕೂರಿಸೋಕೆ ಲೇಮಾ, ವೈಬಾ ಫ್ಲೋಮೊ, ಅಸಾಟು ಎಷ್ಟೋ ದಿನ ಸಭೆ ಮಾಡಿದರು. ತತ್ವಶಾಸ್ತ್ರ ಏನೂ ಹೇಳಲಿಲ್ಲ. ಗುಂಡು ಹಾರಿ ಬರುವಾಗ ನೀನು ಯಾವ ಧರ್ಮದವಳು ಅಂತ ಕೇಳಿಕೊಂಡು ಬರುತ್ತಾ ಅನ್ನೋ ಥರದ ಪ್ರಶ್ನೆ ಇಟ್ಟರು, ಅಷ್ಟೇ. ಜೊತೆಗೆ ಒಬ್ಬೊಬ್ಬರೂ ತಮ್ಮ ಮೇಲೆ ಆದದ್ದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಕೂಟಗಳು. ಬೇರೆಯವಳ ಕಥೆ ಕೇಳಿದ ಮೇಲೆ ಎದ್ದು ಹೋಗೋದು ಕಷ್ಟ.

ಇದರಲ್ಲಿ ಒಂದು ಜಾಣ ಲೆಕ್ಕಾಚಾರವೂ ಇತ್ತು. ಟೇಲರ್ ದೊಡ್ಡ ದೈವಭಕ್ತ, ಚರ್ಚು ಪ್ರಾರ್ಥನೆ ಅಂತ ಮೆರೆಯುವವನು. ಬಂಡುಕೋರ ನಾಯಕರು ಮಸೀದಿಗೆ ಹೋಗುವವರು. ಹಾಗಿದ್ದ ಮೇಲೆ ಹೆಂಗಸರು ತಮ್ಮ ತಮ್ಮ ಪಾದ್ರಿಗಳ, ಬಿಷಪ್‌ಗಳ, ಇಮಾಮರ ಬೆನ್ನು ಹತ್ತಬೇಕು, ಅವರು ಈ ನಾಯಕರ ಬೆನ್ನು ಹತ್ತಬೇಕು. ಎರಡೂ ಧರ್ಮದವರು ಒಟ್ಟಿಗಿಲ್ಲದಿದ್ದರೆ ಈ ಸರಪಳಿ ಒಂದು ಕಡೆಯಷ್ಟೇ ಎಳೆಯುತ್ತಿತ್ತು. ಸಾಕ್ಷ್ಯಚಿತ್ರದ ಹೆಸರೂ ಟೇಲರನ ಈ ಭಕ್ತಿಯ ಬಗ್ಗೆ ಲೇಮಾ ಆಡಿದ ಕುಹಕದಿಂದ ಬಂದದ್ದು.

ಆಮೇಲೆ ಓಡಾಟ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಮಸೀದಿ, ಶನಿವಾರ ಸಂತೆ, ಭಾನುವಾರ ಚರ್ಚು. ಕೈಯಲ್ಲಿ ಕರಪತ್ರ. ಓದು ಬಾರದವರೇ ಹೆಚ್ಚು ಅಂತ ಚಿತ್ರ ಬರೆದ ಕರಪತ್ರವನ್ನೂ ಹಂಚಿದರು. ವಾರಗಟ್ಟಲೆ, ತಿಂಗಳುಗಟ್ಟಲೆ ಇದೇ ಕೆಲಸ. ಚಳವಳಿಗಳ ಇತಿಹಾಸದಲ್ಲಿ ಈ ಭಾಗ ಯಾವಾಗಲೂ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತೆ, ನೋಡಿ, ನಾನೂ ಹೆಚ್ಚೂಕಡಿಮೆ ಹಾಗೇ ಮುಗಿಸುತ್ತಿದ್ದೇನೆ. ಆದರೆ ಮುಂದೆ ಸಾವಿರಾರು ಜನ ಸೇರಿದ್ದು ಈ ಬೇಸರದ ಕೆಲಸದಿಂದ.

ಇನ್ನೊಂದು ಮಾತು ಹೇಳಬೇಕು. ಇದೆಲ್ಲ ಲೇಮಾಳಿಂದಲೇ ಶುರುವಾಯಿತು ಅಂತೇನಿಲ್ಲ. ಮೇರಿ ಬ್ರೌನೆಲ್ ಎಂಬ ಹಿರಿಯಳು 1994ರಲ್ಲೇ ಲೈಬೀರಿಯನ್ ವಿಮೆನ್ಸ್ ಇನಿಷಿಯೇಟಿವ್ ಕಟ್ಟಿ, ಮೊದಲ ಯುದ್ಧದ ನಡುವೆಯೇ ನಿಶ್ಶಸ್ತ್ರೀಕರಣಕ್ಕೆ ಒತ್ತಾಯ ಮಾಡಿದ್ದಳು. ಲೈಬೀರಿಯಾ, ಗಿನಿ, ಸಿಯೆರಾ ಲಿಯೋನ್ ಮೂರೂ ದೇಶದ ಹೆಂಗಸರು ಸೇರಿದ ಮಾನೋ ನದಿ ಮಹಿಳಾ ಶಾಂತಿ ಜಾಲ 2000ದಲ್ಲಿ ಶುರುವಾಗಿತ್ತು. ಆದರೆ ಇವುಗಳಲ್ಲಿ ಮುಂದೆ ನಿಂತವರು ಬಹುಪಾಲು ಓದಿದವರು, ಪಟ್ಟಣದವರು, ಅಧಿಕಾರದಲ್ಲಿರುವವರ ಪರಿಚಯ ಇದ್ದವರು. 2003ರಲ್ಲಿ ಹೊಸದಾಗಿ ಬಂದದ್ದು ಸಂತೆಯ ಹೆಂಗಸು, ಶಿಬಿರದ ಹೆಂಗಸು.

2003ರ ಏಪ್ರಿಲ್. ಬಂಡುಕೋರರು ರಾಜಧಾನಿಯನ್ನು ಸಮೀಪಿಸುತ್ತಿದ್ದಾರೆ. ಬೀದಿಗಿಳಿದು ಯಾರೂ ತನ್ನ ಸರ್ಕಾರದ ಮಾನ ಕಳೆಯಕೂಡದು ಅಂತ ಟೇಲರ್ ಎಚ್ಚರಿಸಿದ್ದಾನೆ. ಆಗ ಇವರು ಆರಿಸಿಕೊಂಡದ್ದು ಸಿಂಕೋರ್ ಬಡಾವಣೆಯಲ್ಲಿ ಮೀನು ಮಾರ್ಕೆಟ್ಟಿನ ಎದುರಿಗಿದ್ದ ಒಂದು ಬಯಲು. ಯಾಕೆ ಅದೇ ಜಾಗ? ಟೇಲರನ ಕಾರುಗಳ ಸಾಲು ದಿನಾ ಓಡಾಡುತ್ತಿದ್ದ ರಸ್ತೆ ಅದರ ಪಕ್ಕದಲ್ಲೇ. ಇವರನ್ನು ನೋಡದೆ ಅವನು ಮನೆಗೆ ಹೋಗುವಂತಿಲ್ಲ.

ಎಲ್ಲರಿಗೂ ಬಿಳಿ ಟೀ-ಶರ್ಟು, ತಲೆಗೆ ಬಿಳಿ ಬಟ್ಟೆ. ಓಲೆ ಇಲ್ಲ, ಸರ ಇಲ್ಲ, ಬಣ್ಣ ಇಲ್ಲ. ಬೈಬಲ್ಲಿನ ಎಸ್ತೇರಳಿಂದ ಬಂದ ಯೋಚನೆ ಅಂತೆ ಅದು. ನನಗೆ ಕಂಡ ಉಪಯೋಗ ಬೇರೆ. ಮಂತ್ರಿ ಮನೆಯ ನೆಂಟಳು ಯಾರು, ಮೀನು ಮಾರುವವಳು ಯಾರು, ಚರ್ಚಿನವಳು ಯಾರು, ಮಸೀದಿಯವಳು ಯಾರು ಅಂತ ದೂರದಿಂದ ಗೊತ್ತಾಗೋದಿಲ್ಲ. ಬ್ಯಾನರಿನ ಮೇಲೂ ಒಂದೇ ಮಾತು, ಲೈಬೀರಿಯಾದ ಹೆಂಗಸರಿಗೆ ಈಗಲೇ ಶಾಂತಿ ಬೇಕು. ಟೇಲರ್ ಇಳಿಯಲಿ ಅಂತಿಲ್ಲ, ಬಂಡುಕೋರರಿಗೆ ಶಿಕ್ಷೆ ಆಗಲಿ ಅಂತಲೂ ಇಲ್ಲ. ಬರೆದುಕೊಂಡ ಬೇಡಿಕೆ ಮೂರೇ. ಷರತ್ತಿಲ್ಲದ ಕದನವಿರಾಮ, ಮಾತುಕತೆ, ಹೊರಗಿನ ಶಾಂತಿಪಾಲನಾ ಪಡೆ. ಬೇಕಂತಲೇ ಅಷ್ಟು ಕಡಿಮೆ. ಒಂದು ಅಂಶ ಹೆಚ್ಚಾಗಿದ್ದರೂ ಮೈದಾನದಲ್ಲಿ ಅರ್ಧ ಜನ ಎದ್ದು ಹೋಗುತ್ತಿದ್ದರು ಅಂತ ನನ್ನ ಅನಿಸಿಕೆ. ಇದರ ಬೆಲೆ ಏನು ಅನ್ನೋದು ಕೊನೆಯಲ್ಲಿ ಬರುತ್ತೆ.

ಎರಡು ಸಾವಿರಕ್ಕೂ ಹೆಚ್ಚು ಹೆಂಗಸರು ಬೆಳಗಿಂದ ಸಂಜೆತನಕ ಕೂತರು. ಒಂದು ಸಲ ಕ್ರೈಸ್ತರ ಪ್ರಾರ್ಥನೆ, ಒಂದು ಸಲ ಮುಸ್ಲಿಮರದ್ದು. ಏಪ್ರಿಲ್ ಬಿಸಿಲು, ಆಮೇಲೆ ಮಳೆ. ಮನ್ರೋವಿಯಾ ಪ್ರಪಂಚದಲ್ಲೇ ಅತಿ ಹೆಚ್ಚು ಮಳೆ ಬೀಳುವ ರಾಜಧಾನಿಗಳಲ್ಲಿ ಒಂದು, ನಮ್ಮ ಕರಾವಳಿ-ಮಲೆನಾಡಿನವರಿಗೆ ಅರ್ಥವಾಗುವಂಥ ಮಳೆ. ಎದ್ದು ಹೋಗಲಿಲ್ಲ.

ಇದನ್ನೆಲ್ಲ ಊರಿಗೆ ಹೋದಾಗ ಅಮ್ಮನಿಗೆ ಹೇಳುತ್ತಾ ಇದ್ದೆ. ಅಮ್ಮ ತರಕಾರಿ ಹೆಚ್ಚುತ್ತಾ ಎಲ್ಲ ಕೇಳಿಸಿಕೊಂಡು, "ಅಲ್ವೋ, ಮನೇಲಿ ಅಡುಗೆ ಯಾರು ಮಾಡ್ತಿದ್ರಂತೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ಓದಿದ್ದೆ, ಈ ಪ್ರಶ್ನೆಯೇ ಹೊಳೆದಿರಲಿಲ್ಲ! ಆಮೇಲೆ ಅದನ್ನೇ ಇಟ್ಟುಕೊಂಡು ಮತ್ತೆ ಓದಿದಾಗ ಮೈದಾನ ಬೇರೆ ಥರ ಕಾಣಿಸಿತು. ಯುದ್ಧದಲ್ಲಿ ಗಂಡಸರು ಸತ್ತಿದ್ದರು, ಓಡಿಹೋಗಿದ್ದರು, ಇದ್ದವರು ಹೊರಗೆ ಕಾಣಿಸಿಕೊಂಡರೆ ಹಿಡಿದು ಸೈನ್ಯಕ್ಕೆ ಸೇರಿಸುತ್ತಾರೆ ಅಂತ ಅವಿತಿದ್ದರು. ಮನೆ ನಡೆಯುತ್ತಿದ್ದದ್ದು ಹೆಂಗಸರು ದಿನಾ ಮಾರ್ಕೆಟ್ಟಿನಲ್ಲಿ ಮಾಡುತ್ತಿದ್ದ ಚಿಲ್ಲರೆ ವ್ಯಾಪಾರದಿಂದ. ಮೈದಾನದಲ್ಲಿ ಕೂತ ಒಂದು ದಿನ ಅಂದರೆ ಒಂದು ದಿನದ ಅಕ್ಕಿ ಇಲ್ಲ. ಅಡುಗೆ ಯಾರು ಮಾಡ್ತಿದ್ರು ಅನ್ನೋದಿರಲಿ, ಎಷ್ಟೋ ಮನೆಗಳಲ್ಲಿ ಅಡುಗೆಯೇ ಆಗುತ್ತಿರಲಿಲ್ಲ. ದೇಶದ ಹೊಟ್ಟೆ ಹೊರೆಯುತ್ತಿದ್ದವರು ಕೆಲಸ ಬಿಟ್ಟು ಕೂತಿದ್ದರು, ನಿಜವಾದ ಮುಷ್ಕರ ಇದು.

ಇನ್ನು ನನ್ನ ಆಫೀಸಿನವನು ಹೇಳಿದ ಆ ಮುಷ್ಕರ. ಹೌದು, ಅದೂ ಇತ್ತು. ಯುದ್ಧ ನಿಲ್ಲೋತನಕ ಗಂಡಂದಿರನ್ನು ಹತ್ತಿರ ಸೇರಿಸೋದಿಲ್ಲ ಅಂದರು. ಕೆಲವು ಕಡೆ ನಡೆಯಿತು, ಕೆಲವು ಕಡೆ ಇಲ್ಲ, ಕೆಲವರು ಮನೆಯಲ್ಲಿ ಹೊಡೆತ ತಿಂದರು. ಅದರಿಂದ ಯುದ್ಧಕ್ಕೆ ಹೆಚ್ಚೇನೂ ಆಗಲಿಲ್ಲ, ಆದರೆ ಪತ್ರಕರ್ತರು ನಮ್ಮ ಕಡೆ ತಿರುಗಿ ನೋಡಿದ್ದು ಅದರಿಂದಲೇ ಅನ್ನೋ ಅರ್ಥದಲ್ಲಿ ಲೇಮಾ ತಾನೇ ಬರೆದುಕೊಂಡಿದ್ದಾಳೆ. ಸಾಕ್ಷ್ಯಚಿತ್ರ ತೆಗೆದವರಿಗೂ ಮೈದಾನದ ದೃಶ್ಯಗಳು ಸಿಗೋದು ಬಹಳ ಕಷ್ಟವಾಯಿತಂತೆ. ಮನ್ರೋವಿಯಾದಲ್ಲಿ ಪ್ರಪಂಚದ ಕ್ಯಾಮೆರಾಗಳಿಗೆ ಬರವಿರಲಿಲ್ಲ. ಅವೆಲ್ಲ ಬಣ್ಣದ ವಿಗ್ ಹಾಕಿಕೊಂಡು ಬಂದೂಕು ಹಾರಿಸುವ ಹುಡುಗರ ಮೇಲಿದ್ದವು.

ಏಪ್ರಿಲ್ 23ರಂದು ಟೇಲರ್ ಕಡೆಗೂ ಭೇಟಿಗೆ ಒಪ್ಪಿದ. ಸಾವಿರಾರು ಹೆಂಗಸರು ಮೆರವಣಿಗೆಯಲ್ಲಿ ಹೋದರು. ಲೇಮಾ ಹೇಳಿಕೆ ಓದಬೇಕು. ವೇದಿಕೆ ಮೇಲೆ ಸೆನೆಟ್ಟಿನ ಮುಖ್ಯಸ್ಥೆ ಗ್ರೇಸ್ ಮೈನರ್ ಒಬ್ಬಳೇ ಹೆಂಗಸು. ಲೇಮಾ ಟೇಲರನ ಬದಲು ಅವಳ ಕಡೆ ತಿರುಗಿಕೊಂಡು, ಇದನ್ನು ಅಧ್ಯಕ್ಷರಿಗೆ ತಲುಪಿಸಿ ಅನ್ನೋ ಹಾಗೆ ಓದಿದಳು. ಟೇಲರ್ ಶಾಂತಿ ಮಾತುಕತೆಗೆ ಹೋಗುತ್ತೇನೆ ಅಂದ. ಇನ್ನು ಬಂಡುಕೋರರು. ಇವರಲ್ಲಿ ಕೆಲವರು ಸಿಯೆರಾ ಲಿಯೋನಿನ ಫ್ರೀಟೌನಿಗೆ ಹೋಗಿ, ಲರ್ಡ್ ನಾಯಕರು ಉಳಿದುಕೊಂಡಿದ್ದ ಹೋಟೆಲ್ಲಿನ ಬೀದಿಯಲ್ಲಿ ಸಾಲಾಗಿ ಕೂತುಬಿಟ್ಟರು. ಅವರೂ ಒಪ್ಪಿದರು.

ಮಾತುಕತೆ ಜೂನ್ 4ಕ್ಕೆ ಘಾನಾದ ಅಕ್ರಾದಲ್ಲಿ ಶುರು. ಅದೇ ದಿನ ಸಿಯೆರಾ ಲಿಯೋನಿನ ವಿಶೇಷ ನ್ಯಾಯಾಲಯ ಟೇಲರನ ಮೇಲಿನ ಯುದ್ಧಾಪರಾಧದ ಆರೋಪಪಟ್ಟಿಯನ್ನು ಬಹಿರಂಗ ಮಾಡಿತು. ಅವನು ವಿಮಾನ ಹತ್ತಿ ಮನ್ರೋವಿಯಾಕ್ಕೆ ಓಡಿಬಂದ. ಜೂನ್ 17ಕ್ಕೆ ಕದನವಿರಾಮಕ್ಕೆ ಸಹಿ ಬಿತ್ತು, ಕೆಲವೇ ದಿನಕ್ಕೆ ಮುರಿಯಿತು. ರಾಜಧಾನಿಯ ಮೇಲೆ ಮೇಲಿಂದ ಮೇಲೆ ಮೂರು ದಾಳಿ. ಜನ ಅವಕ್ಕೆ ಒಂದನೇ ಮಹಾಯುದ್ಧ, ಎರಡನೇ ಮಹಾಯುದ್ಧ, ಮೂರನೇ ಮಹಾಯುದ್ಧ ಅಂತ ಹೆಸರಿಟ್ಟರು. ಅಂಥಾ ಹೊತ್ತಿನಲ್ಲೂ ಜನರ ನಾಲಿಗೆ ಸುಮ್ಮನಿರೋದಿಲ್ಲ ನೋಡಿ. ಜುಲೈನಲ್ಲಿ ಶೆಲ್ ಬಿದ್ದು ಸತ್ತವರ ಹೆಣಗಳನ್ನು ಜನ ತಂದು ಅಮೆರಿಕದ ರಾಯಭಾರ ಕಚೇರಿಯ ಗೇಟಿನ ಮುಂದೆ ಸಾಲಾಗಿ ಮಲಗಿಸಿದರು.

ಅಕ್ರಾದಲ್ಲೋ? ಬಂಡುಕೋರರ ಪ್ರತಿನಿಧಿಗಳು ಒಳ್ಳೆಯ ಹೋಟೆಲ್ಲಿನಲ್ಲಿ ಆರಾಮಾಗಿದ್ದರು. ಜಗಳ ನಡೆಯುತ್ತಿದ್ದದ್ದು ಮುಂದಿನ ಸರ್ಕಾರದಲ್ಲಿ ಯಾರಿಗೆ ಯಾವ ಖಾತೆ ಅಂತ. (ರೆಸಾರ್ಟು, ಖಾತೆ ಹಂಚಿಕೆ ಇವೆಲ್ಲ ನಮಗೆ ಹೊಸದಲ್ಲ ಬಿಡಿ.) ಲೇಮಾ ಮತ್ತು ಜೊತೆಯವರು ಇದ್ದಬದ್ದ ದುಡ್ಡು ಸೇರಿಸಿ ಅಲ್ಲಿಗೂ ಹೋಗಿದ್ದರು. ಘಾನಾದ ಶಿಬಿರಗಳಲ್ಲಿದ್ದ ಲೈಬೀರಿಯಾದ ನಿರಾಶ್ರಿತ ಹೆಂಗಸರನ್ನೂ ಸೇರಿಸಿಕೊಂಡು ದಿನಾ ಹೊರಗೆ ಹುಲ್ಲಿನ ಮೇಲೆ ಕೂರುತ್ತಿದ್ದರು. ಎರಡು ವಾರದ ಮಾತುಕತೆ ಏಳನೇ ವಾರಕ್ಕೆ ಬಂತು.

ಜುಲೈ ಮೂರನೇ ವಾರ ದಾಟುವ ಹೊತ್ತಿಗೆ ಮನ್ರೋವಿಯಾದಿಂದ ಸಾವಿನ ಸುದ್ದಿಗಳು ಬರುತ್ತಿದ್ದವು. ಅವತ್ತು ಲೇಮಾಗೆ ತಲೆ ಕೆಟ್ಟಿತು. ಸುಮಾರು 200 ಹೆಂಗಸರು ಒಳಗೆ ಹೋಗಿ ಸಭಾಂಗಣದ ಬಾಗಿಲಿಗೆ ಅಡ್ಡಲಾಗಿ, ಕೈಗೆ ಕೈ ಕೊಕ್ಕೆ ಹಾಕಿಕೊಂಡು ನೆಲದ ಮೇಲೆ ಕೂತರು. ಒಪ್ಪಂದ ಆಗೋತನಕ ಒಳಗಿರುವವರು ಹೊರಗೆ ಬರುವಂತಿಲ್ಲ, ಹಸಿವು ಬಾಯಾರಿಕೆ ಅಂದರೇನು ಅಂತ ಇವರಿಗೂ ಗೊತ್ತಾಗಲಿ ಅಂತ ಚೀಟಿ ಬರೆದು ಒಳಗೆ ಕಳಿಸಿದರು. ಮಧ್ಯಸ್ಥಿಕೆ ವಹಿಸಿದ್ದವನು ನೈಜೀರಿಯಾದ ಮಾಜಿ ಅಧ್ಯಕ್ಷ, ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್. ಸಭಾಂಗಣವನ್ನು ಜನರಲ್ ಲೇಮಾ ಮತ್ತು ಅವಳ ಸೇನೆ ವಶಪಡಿಸಿಕೊಂಡಿದೆ ಅಂತ ಆತ ಒಳಗಿದ್ದವರಿಗೆ ಪ್ರಕಟಿಸಿದ.

ಕಾವಲುಗಾರರು ಬಂಧಿಸೋಕೆ ಬಂದರು. ಆಗ ಲೇಮಾ, ಬಂಧಿಸೋ ಕಷ್ಟ ಬೇಡ, ನಾನೇ ಬಟ್ಟೆ ಬಿಚ್ಚುತ್ತೇನೆ ಅಂತ ತಲೆಯ ಬಟ್ಟೆಗೆ ಕೈ ಹಾಕಿದಳು. ಹೆತ್ತ ಹೆಂಗಸು ಬೇಕೆಂದೇ ಬೆತ್ತಲಾಗೋದನ್ನು ನೋಡಿದವನಿಗೆ ಅದು ಘೋರ ಶಾಪ ಅನ್ನೋದು ಆ ಕಡೆಯ ನಂಬಿಕೆ. ಕಾವಲಿನವರು ಹಿಂದೆ ಸರಿದರು. ಆಕೆ ಮಾತ್ರ ಇದನ್ನು ಯೋಜನೆ ಮಾಡಿ ಆಡಿದ್ದಲ್ಲ, ಅವಮಾನದ ತುದಿ ಮುಟ್ಟಿ ಬಂದ ಮಾತು ಅಂತ ಹೇಳಿದ್ದಾಳೆ. ಅದರ ಮರುವರ್ಷವೇ, 2004ರ ಜುಲೈನಲ್ಲಿ, ಇಂಫಾಲದ ಕಾಂಗ್ಲಾ ಕೋಟೆಯ ಮುಂದೆ ಹನ್ನೆರಡು ಮಣಿಪುರಿ ತಾಯಂದಿರು ನಿಂತದ್ದು ನನಗೆ ನೆನಪಾಯಿತು.

ಒಬ್ಬ ಬಂಡುಕೋರ ನಾಯಕ ಹೆಂಗಸರನ್ನು ತಳ್ಳಿಕೊಂಡು ಹೊರಬರಲು ನೋಡಿದ. ನೀನು ಗಂಡಸಾಗಿದ್ದರೆ ನಿನ್ನ ಜನರನ್ನೇ ಕೊಲ್ಲುತ್ತಿರಲಿಲ್ಲ, ಹೋಗಿ ಕೂತ್ಕೋ ಅನ್ನೋ ಅರ್ಥದಲ್ಲಿ ಅಬೂಬಕರ್ ಗದರಿದ. ಆಮೇಲೆ ಹೆಂಗಸರ ಜೊತೆ ಮಾತಾಡಿ, ಇನ್ನು ಗಂಭೀರವಾಗಿ ಮಾತುಕತೆ ನಡೆಸುತ್ತೇವೆ ಅಂತ ಮಾತು ಕೊಟ್ಟ ಮೇಲೆ ಇವರು ಎದ್ದರು. ಆಗಸ್ಟ್ 11ಕ್ಕೆ ಟೇಲರ್ ಅಧಿಕಾರ ಬಿಟ್ಟು ನೈಜೀರಿಯಾಕ್ಕೆ ಹೋದ. ಆಗಸ್ಟ್ 18ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು.

ಹಾಗಾದರೆ ಯುದ್ಧ ನಿಲ್ಲಿಸಿದ್ದು ಇವರೇನಾ? ಹೌದು ಅಂತ ಹೇಳಿಬಿಟ್ಟರೆ ಚೆನ್ನಾಗಿರುತ್ತೆ, ಆದರೆ ಅದು ಪೂರ್ತಿ ನಿಜ ಅಲ್ಲ. ಬಂಡುಕೋರರು ರಾಜಧಾನಿಗೆ ನುಗ್ಗಿದ್ದರು, ಆರೋಪಪಟ್ಟಿ ಇತ್ತು, ಅಮೆರಿಕದ ಹಡಗುಗಳು ಕರಾವಳಿಗೆ ಬಂದಿದ್ದವು, ನೈಜೀರಿಯಾದ ಪಡೆ ಬಂದಿಳಿದಿತ್ತು. ಇವಿಷ್ಟೂ ಇಲ್ಲದೆ ಟೇಲರ್ ಅಲುಗಾಡುತ್ತಿರಲಿಲ್ಲ. ಆದರೆ ಇದೇ ದೇಶದಲ್ಲಿ 1990ರಿಂದ ಹತ್ತಕ್ಕೂ ಹೆಚ್ಚು ಶಾಂತಿ ಒಪ್ಪಂದಗಳು ಆಗಿ ಮುರಿದಿದ್ದವು. ಸಹಿ ಮಾಡಿದವರಿಗೆ ಮುರಿದರೆ ನಾಚಿಕೆಪಡಬೇಕಾದ ಜನ ಅಂತ ಯಾರೂ ಎದುರಿಗಿರಲಿಲ್ಲ. ಈ ಸಲ ಬಾಗಿಲಲ್ಲಿ ಕೂತಿದ್ದರು. ನನಗೆ ಕಾಣಿಸೋ ವ್ಯತ್ಯಾಸ ಅದು, ನೀವು ಒಪ್ಪದೇ ಇರಬಹುದು.

ಒಪ್ಪಂದದಲ್ಲಿ ಖಾತೆಗಳು ಹೋದದ್ದು ಮಾತ್ರ ಆ ಜಗಳಗಂಟರಿಗೇ! ಟೇಲರನ ಕಡೆಯವರು, ಲರ್ಡ್, ಮಾಡೆಲ್ ಮೂವರೂ ಹಂಚಿಕೊಂಡರು. ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯವರು ಆಯುಧ ಒಪ್ಪಿಸಿಕೊಳ್ಳುವ ಕೆಲಸ ಶುರು ಮಾಡಿದಾಗ ಹೆಂಗಸರು ನಾವೂ ಬರ್ತೀವಿ, ಆ ಹುಡುಗರು ನಮಗೆ ಗೊತ್ತು ಅಂದರು. ತಜ್ಞರಿಗೆ ಅದು ಬೇಕಾಗಿರಲಿಲ್ಲ. ಅವರು ಅಂದುಕೊಂಡಿದ್ದಕ್ಕಿಂತ ಎಷ್ಟೋ ಪಟ್ಟು ಹುಡುಗರು ಬಂದು, ದುಡ್ಡು ಎಲ್ಲಿ ಅಂತ ದೊಂಬಿಯಾಗಿ, ಕೆಲವರು ಸತ್ತು, ಕೆಲಸವನ್ನೇ ನಿಲ್ಲಿಸಬೇಕಾಯಿತು. 2004ರ ಏಪ್ರಿಲ್‌ನಲ್ಲಿ ಮತ್ತೆ ಶುರು ಮಾಡಿದರು.

2005ರ ಚುನಾವಣೆಗೆ ಮತದಾರರ ಪಟ್ಟಿ ತಯಾರಾಗುವಾಗ ಹೆಂಗಸರು ಹೆಸರು ಬರೆಸೋಕೆ ಬರುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಅಂಗಡಿ ಬಿಟ್ಟು ಬಂದರೆ ಅವತ್ತಿನ ವ್ಯಾಪಾರ ಹೋಯಿತಲ್ಲ. ವಿಪ್‌ನೆಟ್‌ನವರು ಏನು ಮಾಡಿದರು ಗೊತ್ತಾ? ನೀನು ಹೋಗಿ ಹೆಸರು ಬರೆಸಿ ಬಾ, ಅಲ್ಲಿತನಕ ನಿನ್ನ ಅಂಗಡಿಯಲ್ಲಿ ನಾನು ಕೂರ್ತೀನಿ, ಮಗೂನ ಇವಳು ನೋಡ್ಕೊಳ್ತಾಳೆ ಅಂತ ಸಾಲಾಗಿ ಕೂತರು. ಪಟ್ಟಿಯಲ್ಲಿ ಹೆಚ್ಚೂಕಡಿಮೆ ಅರ್ಧ ಹೆಂಗಸರ ಹೆಸರು ಬಂತು. ಇದನ್ನು ಅಮ್ಮನಿಗೆ ಹೇಳಿದಾಗ, "ಹಾಂ, ಇದು ಬುದ್ಧಿವಂತಿಕೆ" ಅಂದಳು. ಆ ಚುನಾವಣೆಯಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದು, ಆಫ್ರಿಕಾದಲ್ಲಿ ಚುನಾವಣೆಯಿಂದ ಆಯ್ಕೆಯಾದ ಮೊದಲ ಮಹಿಳಾ ಅಧ್ಯಕ್ಷೆಯಾದಳು. ಕೊನೇ ಸುತ್ತಿನಲ್ಲಿ ಅವಳೆದುರು ಸೋತವನು ನಮ್ಮ ಹಾಸ್ಟೆಲ್ಲಿನ ದೇವರು, ಜಾರ್ಜ್ ವೇಯಾ :)

ನೊಬೆಲ್ ಕಥೆ ನಿಮಗೆ ಗೊತ್ತಿರಬಹುದು. 2011ರಲ್ಲಿ ಸರ್ಲೀಫ್, ಲೇಮಾ ಮತ್ತು ಯೆಮೆನ್ನಿನ ತವಕ್ಕುಲ್ ಕರ್ಮನ್ ಮೂವರಿಗೂ ಹಂಚಿ ಕೊಟ್ಟರು. ಮರುವರ್ಷವೇ ಲೇಮಾ, ಸರ್ಲೀಫ್ ತನ್ನ ಮಕ್ಕಳಿಗೆ ದೊಡ್ಡ ಹುದ್ದೆ ಕೊಟ್ಟಿದ್ದಾಳೆ ಅಂತ ಬಹಿರಂಗವಾಗಿ ಟೀಕಿಸಿ, ಸರ್ಕಾರ ಕೊಟ್ಟಿದ್ದ ಸಾಮರಸ್ಯ ಸಮಿತಿಯ ಹುದ್ದೆಯನ್ನು ಬಿಟ್ಟಳು. ವೇಯಾ 2018ರಲ್ಲಿ ಅಧ್ಯಕ್ಷನಾದ. 2023ರ ನವೆಂಬರಿನಲ್ಲಿ ಕೂದಲೆಳೆಯಲ್ಲಿ ಸೋತಾಗ, ಫಲಿತಾಂಶ ಪೂರ್ತಿ ಬರುವ ಮೊದಲೇ ರೇಡಿಯೋದಲ್ಲಿ ಸೋಲು ಒಪ್ಪಿಕೊಂಡ.

ಬೆಲೆಯ ವಿಷಯ ಹೇಳ್ತೀನಿ ಅಂದಿದ್ದೆನಲ್ಲ. ಟೇಲರನಿಗೆ 2012ರಲ್ಲಿ 50 ವರ್ಷ ಶಿಕ್ಷೆಯಾಯಿತು, ಆದರೆ ಅದು ಸಿಯೆರಾ ಲಿಯೋನಿನಲ್ಲಿ ನಡೆದದ್ದಕ್ಕೆ. ಲೈಬೀರಿಯಾದ ಒಳಗೆ ಈ ಯುದ್ಧಗಳ ಅಪರಾಧಕ್ಕಾಗಿ ಒಬ್ಬನೇ ಒಬ್ಬನ ವಿಚಾರಣೆ ಆಗಲಿಲ್ಲ. ಅಧ್ಯಕ್ಷ ಡೋನನ್ನು 1990ರಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟು, ಅದನ್ನು ವಿಡಿಯೋ ಮಾಡಿಸಿದ ಪ್ರಿನ್ಸ್ ಜಾನ್ಸನ್ 2005ರಲ್ಲಿ ಸೆನೆಟರ್ ಆಗಿ ಆಯ್ಕೆಯಾದ. 2024ರಲ್ಲಿ ಸಾಯುವಾಗಲೂ ಸೆನೆಟರ್ ಆಗಿಯೇ ಇದ್ದ. ಯುದ್ಧಾಪರಾಧ ನ್ಯಾಯಾಲಯಕ್ಕೆ ತಯಾರಿ ಮಾಡುವ ಕಚೇರಿಯೊಂದನ್ನು ತೆರೆಯಲು ಹೊಸ ಅಧ್ಯಕ್ಷ ಜೋಸೆಫ್ ಬೊಕಾಯ್ ಆದೇಶಕ್ಕೆ ಸಹಿ ಹಾಕಿದ್ದು 2024ರ ಮೇ ತಿಂಗಳಲ್ಲಿ.

ಆ ಸೇಂಟ್ ಪೀಟರ್ಸ್ ಚರ್ಚಿನ ಕೊಲೆಗಳ ಬಗ್ಗೆ ಒಂದು ಕೋರ್ಟು ತೀರ್ಪು ಕೊಟ್ಟಿದೆ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಬದುಕುಳಿದ ನಾಲ್ವರು ಹಾಕಿದ್ದ ಸಿವಿಲ್ ದಾವೆ ಅದು. ಅವತ್ತಿನ ಸೈನ್ಯದ ಅಧಿಕಾರಿ ಮೋಸೆಸ್ ಥಾಮಸ್ ಅದಕ್ಕೆ ಹೊಣೆ ಅಂತ 2021ರಲ್ಲಿ ತೀರ್ಪಾಯಿತು. ಮರುವರ್ಷ 8 ಕೋಟಿ 40 ಲಕ್ಷ ಡಾಲರ್ ಪರಿಹಾರ ಕೊಡಬೇಕು ಅಂತ ಆದೇಶ ಬಂತು. ಅಷ್ಟರಲ್ಲಿ ಅವನು ಅಮೆರಿಕ ಬಿಟ್ಟು ಲೈಬೀರಿಯಾಕ್ಕೆ ವಾಪಸ್ ಹೋಗಿದ್ದ. ಸತ್ತವರನ್ನು ಹೂಳಿದ್ದು ಚರ್ಚಿನ ಅಂಗಳದಲ್ಲೇ, ಒಂದೇ ಗುಂಡಿಗೆ ನೂರಾರು ಜನರಂತೆ. 2002ರಲ್ಲಿ ಆ ಇಪ್ಪತ್ತು ಚಿಲ್ಲರೆ ಹೆಂಗಸರು ಪ್ರಾರ್ಥನೆಗೆ ಸೇರುತ್ತಿದ್ದದ್ದು ಅದರ ಪಕ್ಕದಲ್ಲಿ.